ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರಗೋಧದ ಬಳಿ ನಡೆದ ವೈಮಾನಿಕ ಕಾದಾಟದ ಬಗ್ಗೆ ವಿದ್ಯಾರ್ಥಿಗಳು, ಓದುಗರು ಮತ್ತು ನಿವೃತ್ತ ಸೈನಿಕರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ. ಆ ಕಾದಾಟವನ್ನು ಭಾರತದ ಕಡೆಯವರು ಯಾರೂ ಕಣ್ಣಾರೆ ಕಾಣಲಿಲ್ಲ. ಅದು ಬೆಳಕಿಗೆ ಬಂದದ್ದು ಎದುರಾಳಿಯ ಕಡೆಯಿಂದ. ಆದ್ದರಿಂದ ಏನಾಯಿತು ಎಂಬುದರ ಜೊತೆಗೆ ಅದು ನಮಗೆ ಹೇಗೆ ತಿಳಿಯಿತು ಎಂಬುದನ್ನೂ ಹೇಳದಿದ್ದರೆ ದೇವಯ್ಯನವರ ಕಥೆ ಪೂರ್ತಿಯಾಗುವುದಿಲ್ಲ.

## ಮೊದಲ ಪರಿಚಯ

ದೇವಯ್ಯನವರು ಯಾರು? ಹೆಸರು ಕೇಳಿದ್ದೇವೆ, ವಿವರ ಗೊತ್ತಿಲ್ಲ.

ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. ಅಜ್ಜಮಾಡ ಎಂಬುದು ಅವರ ಮನೆತನದ ಹೆಸರು. 1932ರ ಡಿಸೆಂಬರ್ 24ರಂದು ಹುಟ್ಟಿದ ಅವರು 1954ರಲ್ಲಿ ಭಾರತೀಯ ವಾಯುಪಡೆಯಲ್ಲಿ ಪೈಲಟ್ ಆಗಿ ಅಧಿಕಾರಿ ಪದವಿ ಪಡೆದರು. 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಸರಗೋಧ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದನ್ನು ಅವರು ಹಾರಿಸುತ್ತಿದ್ದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದರ ಏಟು ತಿಂದ ಮೇಲೂ ಅದಕ್ಕೆ ಎದುರು ತಿರುಗಿ, ಅದನ್ನು ನೆಲಕ್ಕೆ ಕೆಡವಿ, ತಾವೂ ಅಲ್ಲಿಯೇ ಪ್ರಾಣಬಿಟ್ಟರು. ಆಗ ಅವರಿಗೆ 32 ವರ್ಷ. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ.

ಸ್ಕ್ವಾಡ್ರನ್ ಲೀಡರ್ ಎಂದರೆ ಇಡೀ ಸ್ಕ್ವಾಡ್ರನ್ನಿನ ಮುಖ್ಯಸ್ಥರೇ?

ಅಲ್ಲ. ಅದು ವಾಯುಪಡೆಯ ಒಂದು ದರ್ಜೆ. ಭೂಸೇನೆಯ ಮೇಜರ್ ದರ್ಜೆಗೆ ಸಮ. ಸ್ಕ್ವಾಡ್ರನ್ನಿನ ಮುಖ್ಯಸ್ಥರು ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ವಿಂಗ್ ಕಮಾಂಡರ್ ದರ್ಜೆಯವರಾಗಿರುತ್ತಾರೆ. ದೇವಯ್ಯನವರು ಯುದ್ಧಕಾಲದಲ್ಲಿದ್ದ 1ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದವರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. 'ಟೈಗರ್ಸ್' ಎಂದು ಹೆಸರಾದ ಈ ಸ್ಕ್ವಾಡ್ರನ್ 1933ರಲ್ಲಿ ಕರಾಚಿಯಲ್ಲಿ ಸ್ಥಾಪನೆಯಾದದ್ದು, ನಮ್ಮ ವಾಯುಪಡೆಯ ಅತ್ಯಂತ ಹಳೆಯ ಸ್ಕ್ವಾಡ್ರನ್. ತಾನು ಹುಟ್ಟಿದ ನೆಲದ ಮೇಲೆಯೇ ಅದು 1965ರಲ್ಲಿ ದಾಳಿಗೆ ಹೋಗಬೇಕಾಯಿತು.

ಯುದ್ಧಕ್ಕೆ ಮೊದಲು ಅವರು ಏನು ಮಾಡುತ್ತಿದ್ದರು?

ದೇವಯ್ಯನವರು ಅರ್ಹತೆ ಪಡೆದ ಹಾರಾಟ ಬೋಧಕರು. ವಾಯುಪಡೆಯಲ್ಲಿ ಎಲ್ಲ ಒಳ್ಳೆಯ ಪೈಲಟ್‌ಗಳೂ ಬೋಧಕರಾಗುವುದಿಲ್ಲ. ಬೋಧಕನಾಗಬೇಕಾದವನು ತಾನು ಹಾರಿಸುವುದರ ಜೊತೆಗೆ, ಕಲಿಯುವವನು ಮಾಡಬಹುದಾದ ಪ್ರತಿಯೊಂದು ತಪ್ಪನ್ನೂ ಮೊದಲೇ ಊಹಿಸಿ, ವಿಮಾನ ಕೈತಪ್ಪುವ ಹಂತಕ್ಕೆ ಬಂದಾಗ ಕ್ಷಣಾರ್ಧದಲ್ಲಿ ಅದನ್ನು ಹತೋಟಿಗೆ ತರಲು ಬಲ್ಲವನಾಗಿರಬೇಕು. ವಿಮಾನ ತನ್ನ ಸಾಮರ್ಥ್ಯದ ಕೊನೆಯ ಅಂಚಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಅಂಥವನಿಗೆ ದಿನನಿತ್ಯದ ಪಾಠ. ಸರಗೋಧದ ಕಾದಾಟವನ್ನು ಬರಿಯ ಎದೆಗಾರಿಕೆಯ ಕಥೆಯಾಗಿ ಹೇಳುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ. ಏಟು ತಿಂದ ವಿಮಾನವನ್ನು ನೆಲಕ್ಕೆ ಅಷ್ಟು ಹತ್ತಿರದಲ್ಲಿ ಹತೋಟಿಯಲ್ಲಿಟ್ಟುಕೊಂಡು ಕಾದಾಡಲು ಧೈರ್ಯದಷ್ಟೇ ಕೌಶಲವೂ ಬೇಕು. ಆ ಕೌಶಲ ಅವರಿಗೆ ಹಾರಾಟದ ವರ್ಷಗಳಿಂದ ಬಂದದ್ದು.

ಮಿಸ್ಟೇರ್ ಎಂಥ ವಿಮಾನ?

ಫ್ರಾನ್ಸಿನ ಡಸಾಲ್ಟ್ ಸಂಸ್ಥೆ ತಯಾರಿಸಿದ, ಒಬ್ಬರೇ ಕೂರುವ, ಒಂದು ಎಂಜಿನ್ನಿನ ಜೆಟ್ ವಿಮಾನ. ನಮ್ಮಲ್ಲಿದ್ದದ್ದು ಅದರ ಮಿಸ್ಟೇರ್ ನಾಲ್ಕು–ಎ ಮಾದರಿ. 1957ರಿಂದ ಮುಂದೆ ನೂರಕ್ಕೂ ಹೆಚ್ಚು ಮಿಸ್ಟೇರ್‌ಗಳು ಭಾರತಕ್ಕೆ ಬಂದವು. ಸಮತಟ್ಟಾಗಿ ಹಾರುವಾಗ ಗಂಟೆಗೆ ಸುಮಾರು 1,100 ಕಿಲೋಮೀಟರ್ ಮುಟ್ಟುತ್ತಿತ್ತು, ಅಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆ. ಮೂಗಿನ ಕೆಳಗೆ 30 ಮಿಲಿಮೀಟರಿನ ಎರಡು ಫಿರಂಗಿಗಳು, ರೆಕ್ಕೆಯ ಕೆಳಗೆ ಬಾಂಬು ಅಥವಾ ರಾಕೆಟ್ಟುಗಳು, ದೂರ ಹೋಗಬೇಕಾದರೆ ಹೆಚ್ಚುವರಿ ಇಂಧನದ ಟ್ಯಾಂಕುಗಳು. ಗಟ್ಟಿಮುಟ್ಟಾದ ವಿಮಾನ, ನೆಲದ ಗುರಿಗಳ ಮೇಲಿನ ದಾಳಿಗೆ ಹೇಳಿ ಮಾಡಿಸಿದಂಥದು. ಆದರೆ 1965ರ ಹೊತ್ತಿಗೆ ಅದು ಹಿಂದಿನ ತಲೆಮಾರಿನ ವಿಮಾನವಾಗಿತ್ತು. ಗಾಳಿಯಿಂದ ಗಾಳಿಗೆ ಹಾರಿಸುವ ಕ್ಷಿಪಣಿಯಾಗಲಿ, ಶತ್ರುವನ್ನು ಹುಡುಕುವ ರೇಡಾರ್ ಆಗಲಿ ಅದರಲ್ಲಿ ಇರಲಿಲ್ಲ. ಹಿಂದಿನಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿಳಿಯಲು ಪೈಲಟ್ ಕತ್ತು ತಿರುಗಿಸಿ ನೋಡಬೇಕಾಗಿತ್ತು.

## ಆ ಮುಂಜಾನೆಯ ಹಿನ್ನೆಲೆ

ಸರಗೋಧದ ಮೇಲೆಯೇ ಯಾಕೆ ದಾಳಿ ಮಾಡಬೇಕಾಗಿತ್ತು?

ಸರಗೋಧ ಪಾಕಿಸ್ತಾನ ವಾಯುಪಡೆಯ ಮುಖ್ಯ ನೆಲೆ. ಸ್ಟಾರ್‌ಫೈಟರ್‌ಗಳಿದ್ದ 9ನೇ ಸ್ಕ್ವಾಡ್ರನ್ ಅಲ್ಲಿಂದಲೇ ಹಾರುತ್ತಿತ್ತು, ಸೇಬರ್ ವಿಮಾನಗಳೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವು. ಸೆಪ್ಟೆಂಬರ್ 6ರ ಬೆಳಗ್ಗೆ ಭಾರತದ ಭೂಸೇನೆ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತ್ತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ಸುಮಾರು ಹತ್ತು ವಿಮಾನಗಳನ್ನು ನಾಶಮಾಡಿದವು. ಹಲ್ವಾರಾ ನೆಲೆಯ ಮೇಲೆ ಆಕಾಶದಲ್ಲೇ ಕಾದಾಟವಾಯಿತು. ಇದಕ್ಕೆ ಉತ್ತರ ಕೊಡುವುದಷ್ಟೇ ಅಲ್ಲ, ಮುಂದಿನ ದಾಳಿಗಳು ಹೊರಡುವ ಜಾಗಕ್ಕೇ ಪೆಟ್ಟು ಕೊಡುವುದು ನಮ್ಮ ವಾಯುಪಡೆಯ ಉದ್ದೇಶವಾಗಿತ್ತು.

ಆ ರಾತ್ರಿ ಇನ್ನೊಂದು ಸಂಗತಿಯೂ ನಡೆಯಿತು. ಪಠಾಣ್‌ಕೋಟ್, ಹಲ್ವಾರಾ ಮತ್ತು ಆದಂಪುರ ನೆಲೆಗಳ ಬಳಿ ಪಾಕಿಸ್ತಾನದ ಕಮಾಂಡೊಗಳು ಪ್ಯಾರಾಚೂಟ್ ಮೂಲಕ ಇಳಿದರು. ಅವರಲ್ಲಿ ಹೆಚ್ಚಿನವರು ಕೆಲವೇ ದಿನಗಳಲ್ಲಿ ಸೆರೆಸಿಕ್ಕರು. ಆದರೆ ಆದಂಪುರದಿಂದ ಬೆಳಗಿನ ಜಾವ ಹೊರಡಬೇಕಾಗಿದ್ದ ಮಿಸ್ಟೇರ್ ಪೈಲಟ್‌ಗಳಿಗೆ ಅದು ಎಂಥ ರಾತ್ರಿಯಾಗಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲವಂತೆ, ನಿಜವೇ?

ನಿಜ. ತನೇಜಾ ಅವರ ನೇತೃತ್ವದಲ್ಲಿ 12 ಮಿಸ್ಟೇರ್‌ಗಳು ಹೋಗುವುದೆಂದು ನಿಶ್ಚಯವಾಗಿತ್ತು. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಲು ಮೀಸಲು ವಿಮಾನಗಳನ್ನೂ ಸಿದ್ಧವಾಗಿಡಲಾಗಿತ್ತು. ದೇವಯ್ಯ ಮೀಸಲಿನಲ್ಲಿದ್ದವರು. ಹೊರಟ ವಿಮಾನಗಳಲ್ಲಿ ಒಂದು ಹಿಂದೆ ಸರಿಯಬೇಕಾಗಿ ಬಂದದ್ದರಿಂದ ಅವರು ತಂಡವನ್ನು ಸೇರಿಕೊಂಡರು.

'ವಿಧಿ ಎಳೆದುಕೊಂಡು ಹೋಯಿತು' ಎಂದು ಹಲವರು ಇದನ್ನು ವಿವರಿಸುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಮೀಸಲಿನಲ್ಲಿರುವ ಪೈಲಟ್ ಉಳಿದವರಂತೆಯೇ ನಕ್ಷೆ ಓದಿ, ದಿಕ್ಕು ಮತ್ತು ಸಮಯದ ಲೆಕ್ಕ ಹಾಕಿಕೊಂಡು, ಪೂರ್ತಿ ಸಿದ್ಧನಾಗಿ ಕಾಕ್‌ಪಿಟ್ಟಿನಲ್ಲಿ ಕೂತಿರುತ್ತಾನೆ. ಕರೆ ಬಂದರೆ ಹೋಗುವುದು ಅವನ ಕೆಲಸ. ದೇವಯ್ಯ ಆ ಕೆಲಸವನ್ನು ಮಾಡಿದರು.

ಕತ್ತಲೆಯಲ್ಲಿ ಅಷ್ಟು ದೂರ ದಾರಿ ಹುಡುಕಿಕೊಂಡು ಹೇಗೆ ಹೋದರು?

ಆದಂಪುರದಿಂದ ಸರಗೋಧ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ಉಪಗ್ರಹದ ನೆರವಾಗಲಿ, ವಿಮಾನದೊಳಗೆ ಚಲಿಸುವ ನಕ್ಷೆಯಾಗಲಿ ಆಗ ಇರಲಿಲ್ಲ. ಪೈಲಟ್ ದಿಕ್ಸೂಚಿ ತೋರಿಸಿದ ದಿಕ್ಕಿನಲ್ಲಿ, ನಿಗದಿಯಾದ ವೇಗದಲ್ಲಿ, ಗಡಿಯಾರದ ಮುಳ್ಳನ್ನು ನೋಡುತ್ತ ಹಾರಬೇಕು. ಇಷ್ಟು ನಿಮಿಷಕ್ಕೆ ನದಿ ಸಿಗಬೇಕು, ಇಷ್ಟು ನಿಮಿಷಕ್ಕೆ ಕಾಲುವೆ ಅಥವಾ ರೈಲು ಹಳಿ ಸಿಗಬೇಕು ಎಂದು ತೊಡೆಯ ಮೇಲಿನ ನಕ್ಷೆಯಲ್ಲಿ ಗುರುತು ಮಾಡಿಟ್ಟಿರುತ್ತಾರೆ. ಬೆಳಕು ಹರಿಯುವ ಮುನ್ನ ಆ ಗುರುತುಗಳು ಕಾಣುವುದೇ ಕಷ್ಟ. ಮೊದಲ ಕೆಲವು ನಿಮಿಷ ಪಕ್ಕದ ವಿಮಾನ ಒಂದು ಕಪ್ಪು ಆಕೃತಿಯಷ್ಟೇ. ರೇಡಿಯೊದಲ್ಲಿ ಯಾರೂ ಮಾತನಾಡುವಂತಿಲ್ಲ, ಮಾತನಾಡಿದರೆ ಶತ್ರುವಿಗೆ ಸುಳಿವು ಸಿಗುತ್ತದೆ.

ಇದೆಲ್ಲವನ್ನೂ ನೆಲಕ್ಕೆ ಅತಿ ಹತ್ತಿರದಲ್ಲಿ ಹಾರುತ್ತ ಮಾಡಬೇಕಾಗಿತ್ತು. ರೇಡಾರಿನ ಕಿರಣಗಳು ನೇರವಾಗಿ ಸಾಗುತ್ತವೆ, ಭೂಮಿ ಬಾಗಿದೆ. ಆದ್ದರಿಂದ ತಗ್ಗಿನಲ್ಲಿ ಬರುವ ವಿಮಾನ ರೇಡಾರಿಗೆ ಬಹಳ ಹತ್ತಿರ ಬರುವ ತನಕ ಕಾಣಿಸುವುದಿಲ್ಲ. ಸರಗೋಧದ ವಾಯವ್ಯಕ್ಕಿರುವ ಸಕೇಸರ್ ಬೆಟ್ಟದ ಮೇಲೆ ಪಾಕಿಸ್ತಾನದ ದೊಡ್ಡ ರೇಡಾರ್ ಕೇಂದ್ರವಿತ್ತು. ಅದರ ಕಣ್ಣು ತಪ್ಪಿಸಲು ಇದ್ದ ದಾರಿ ಇದೊಂದೇ. ಆದರೆ ತಗ್ಗಿನ ದಟ್ಟ ಗಾಳಿಯಲ್ಲಿ ಜೆಟ್ ಎಂಜಿನ್ ಎತ್ತರದಲ್ಲಿ ಕುಡಿಯುವುದಕ್ಕಿಂತ ಬಹಳ ಹೆಚ್ಚು ಇಂಧನ ಕುಡಿಯುತ್ತದೆ. ಗುರಿ ಮುಟ್ಟಿ ಮರಳಿ ಬರುವಷ್ಟು ಇಂಧನ ಇತ್ತು. ಅದಕ್ಕಿಂತ ಹೆಚ್ಚಿಗೆ ಉಳಿಯುತ್ತಿದ್ದದ್ದು ಕೆಲವೇ ನಿಮಿಷಗಳ ಹಾರಾಟಕ್ಕೆ ಸಾಕಾಗುವಷ್ಟು. ಮುಂದಿನ ಪ್ರಶ್ನೆಗಳಿಗೆಲ್ಲ ಇದೇ ಅಡಿಪಾಯ.

## ಕಾದಾಟ

ನಿಜವಾಗಿ ಏನಾಯಿತು? ಕ್ರಮವಾಗಿ ಹೇಳಿ.

ಮಿಸ್ಟೇರ್‌ಗಳು ಸರಗೋಧದ ಮೇಲೆ ದಾಳಿ ಮುಗಿಸಿ ಪೂರ್ವಕ್ಕೆ ಮುಖ ಮಾಡಿದ್ದವು. ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರ್‌ನಲ್ಲಿ ಅವುಗಳ ಬೆನ್ನು ಹತ್ತಿದರು. ಅವರ ಕಣ್ಣಿಗೆ ಬಿದ್ದದ್ದು ದೇವಯ್ಯನವರ ವಿಮಾನ. ಮೊದಲು ಅವರು ಸೈಡ್‌ವೈಂಡರ್ ಕ್ಷಿಪಣಿಯನ್ನು ಹಾರಿಸಿದರು. ಎಂಜಿನ್ನಿನ ಶಾಖವನ್ನು ಹಿಂಬಾಲಿಸುವ ಆ ಕಾಲದ ಕ್ಷಿಪಣಿಗಳು ನೆಲದ ಹತ್ತಿರ ಸುಲಭವಾಗಿ ದಾರಿ ತಪ್ಪುತ್ತಿದ್ದವು. ಅದು ಗುರಿ ತಪ್ಪಿತು. ಅನಂತರ ಫಿರಂಗಿಯಿಂದ ಹೊಡೆದ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ಅದರ ಕಥೆ ಮುಗಿಯಿತೆಂದು ಭಾವಿಸಿದ ಅಮ್ಜದ್ ಹುಸೇನ್ ಉಳಿದ ಮಿಸ್ಟೇರ್‌ಗಳ ಕಡೆಗೆ ಗಮನ ಹರಿಸಿದರು.

ಮಿಸ್ಟೇರ್ ಬಿದ್ದಿರಲಿಲ್ಲ. ಗಾಯಗೊಂಡ ವಿಮಾನವನ್ನು ದೇವಯ್ಯ ಸ್ಟಾರ್‌ಫೈಟರ್ ಕಡೆಗೆ ತಿರುಗಿಸಿದರು. ನೆಲಕ್ಕೆ ಬಹಳ ಹತ್ತಿರದಲ್ಲಿ ಎರಡೂ ವಿಮಾನಗಳು ಒಂದರ ಬೆನ್ನಿಗೆ ಇನ್ನೊಂದು ಬೀಳಲು ಸುತ್ತಿದವು. ಕೊನೆಗೆ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ವಿಮಾನದಿಂದ ಹೊರಕ್ಕೆ ಚಿಮ್ಮಿ ಪ್ಯಾರಾಚೂಟ್ ಸಹಾಯದಿಂದ ಬದುಕಿಕೊಂಡರು. ದೇವಯ್ಯ ಹೊರಬರಲಿಲ್ಲ.

ಏಟು ಬಿದ್ದ ಮೇಲೆ ಅವರು ತಪ್ಪಿಸಿಕೊಂಡು ಬರಬಹುದಾಗಿತ್ತಲ್ಲವೇ?

ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಕೇಳುವುದರಲ್ಲಿ ನೋವು ಇದೆ, ಅದು ಅರ್ಥವಾಗುತ್ತದೆ. ಅವರ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು, ಸಹಚರರ ಹಿಂದೆ ಪೂರ್ವಕ್ಕೆ ಓಡುವುದು. ಆದರೆ ಸಮತಟ್ಟಾಗಿ ಹಾರುವಾಗ ಮಿಸ್ಟೇರ್ ಎಂದೂ ಸ್ಟಾರ್‌ಫೈಟರ್‌ನಿಂದ ದೂರ ಹೋಗಲಾರದು. ಏಟು ತಿಂದ ಮಿಸ್ಟೇರ್‌ಗಂತೂ ಅದು ಅಸಾಧ್ಯ. ಎರಡನೆಯದು, ಪ್ಯಾರಾಚೂಟ್ ಹಿಡಿದು ಇಳಿದು ಸೆರೆಯಾಳಾಗುವುದು. ಮೂರನೆಯದು, ತಿರುಗಿ ನಿಲ್ಲುವುದು.

ತಿರುಗಿ ನಿಂತರೆ ಇಂಧನದ ಲೆಕ್ಕ ಮುಗಿಯಿತು. ಗೆದ್ದರೂ ಆದಂಪುರದವರೆಗೆ ಹೋಗುವುದು ಅನುಮಾನವೇ. ಅಷ್ಟು ಅನುಭವವಿದ್ದ ಬೋಧಕರಿಗೆ ಇದು ಹೊಳೆದಿರಲಿಲ್ಲ ಎಂದು ನಾನು ನಂಬಲಾರೆ. ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಆ ಹೊತ್ತಿಗೆ ಸ್ಟಾರ್‌ಫೈಟರ್ ಮುಂದೆ ಹೋಗುತ್ತಿದ್ದ ಮಿಸ್ಟೇರ್‌ಗಳ ಕಡೆಗೆ ತಿರುಗಿತ್ತು. ಇಂಧನ ತೀರುತ್ತ ಬಂದಿದ್ದ ಆ ಮಿಸ್ಟೇರ್‌ಗಳಿಗೂ ಸ್ಟಾರ್‌ಫೈಟರ್‌ಗೂ ನಡುವೆ ಇದ್ದದ್ದು ದೇವಯ್ಯನವರೊಬ್ಬರೇ. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಸ್ಟಾರ್‌ಫೈಟರ್ ಮುಂದೆ ಹೋಗಲಿಲ್ಲ, ಉಳಿದ ಮಿಸ್ಟೇರ್‌ಗಳು ಮನೆ ಸೇರಿದವು ಎಂಬುದು ನಡೆದ ಸಂಗತಿ.

ನಿಧಾನದ ವಿಮಾನ ವೇಗದ ವಿಮಾನವನ್ನು ಸೋಲಿಸುವುದು ಹೇಗೆ ಸಾಧ್ಯ?

ವೇಗ ಒಂದು ಅನುಕೂಲ ಮಾತ್ರ. ಆಕಾಶದ ಕಾದಾಟದಲ್ಲಿ ಅದರಷ್ಟೇ ಮುಖ್ಯವಾದದ್ದು ತಿರುಗುವ ಶಕ್ತಿ. ವಿಮಾನ ಎಷ್ಟು ಬಿಗಿಯಾಗಿ ತಿರುಗಬಲ್ಲದು ಎಂಬುದು ಬಹುಮಟ್ಟಿಗೆ ಅದರ ಭಾರಕ್ಕೆ ಹೋಲಿಸಿದರೆ ರೆಕ್ಕೆ ಎಷ್ಟು ದೊಡ್ಡದು ಎಂಬುದನ್ನು ಅವಲಂಬಿಸಿದೆ. ಸ್ಟಾರ್‌ಫೈಟರ್‌ನ ರೆಕ್ಕೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 6.6 ಮೀಟರ್, ವಿಸ್ತೀರ್ಣ ಸುಮಾರು 18 ಚದರ ಮೀಟರ್. ಮಿಸ್ಟೇರ್‌ನ ರೆಕ್ಕೆಗಳು ಸುಮಾರು 11 ಮೀಟರ್, ವಿಸ್ತೀರ್ಣ 32 ಚದರ ಮೀಟರ್. ಅದರ ಮೇಲೆ ಸ್ಟಾರ್‌ಫೈಟರ್ ಹೆಚ್ಚು ಭಾರದ್ದು. ಅದನ್ನು ರೂಪಿಸಿದ್ದೇ ಎತ್ತರಕ್ಕೆ ಬಾಣದಂತೆ ಏರಿ, ಬಂದ ವೇಗದಲ್ಲೇ ಹೊಡೆದು ಹೋಗುವುದಕ್ಕೆ. ವೇಗ ಇಳಿಸಿಕೊಂಡು ಸುತ್ತು ಹಾಕುವ ಕಾದಾಟಕ್ಕೆ ಅದು ತಕ್ಕದ್ದಲ್ಲ.

ಆದ್ದರಿಂದ ಸ್ಟಾರ್‌ಫೈಟರ್‌ನ ಪೈಲಟ್ ಪಾಲಿಸಬೇಕಾದ ನಿಯಮ ಸರಳ: ಒಮ್ಮೆ ಹೊಡೆ, ಹೊರಟುಹೋಗು, ಬೇಕಾದರೆ ದೂರದಿಂದ ಮತ್ತೆ ಬಾ. ವೇಗ ಇಳಿಸಿ ಹತ್ತಿರದಲ್ಲಿ ಸುತ್ತತೊಡಗಿದರೆ ತನ್ನ ಬಲವನ್ನು ತಾನೇ ಕಳೆದುಕೊಂಡಂತೆ. ಅಂದು ಆದದ್ದು ಇದೇ. ದೇವಯ್ಯ ಕಾದಾಟವನ್ನು ಮಿಸ್ಟೇರ್‌ಗೆ ಒಗ್ಗುವ ಎತ್ತರದಲ್ಲಿ, ಮಿಸ್ಟೇರ್‌ಗೆ ಒಗ್ಗುವ ವೇಗದಲ್ಲಿ ನಡೆಸಿದರು. ಎರಡು 30 ಮಿಲಿಮೀಟರ್ ಫಿರಂಗಿಗಳ ಎದುರಿಗೆ ಹತ್ತಿರದಿಂದ ಸಿಕ್ಕ ಯಾವ ವಿಮಾನಕ್ಕೂ ಕೆಲವೇ ಗುಂಡುಗಳು ಸಾಕು.

ಅಂದು ಐದು ವಿಮಾನ ಹೊಡೆದೆನೆಂದು ಹೇಳಿಕೊಂಡ ಪಾಕಿಸ್ತಾನದ ಪೈಲಟ್ ಎಂ. ಎಂ. ಆಲಂ ಅವರೇ ದೇವಯ್ಯನವರ ವಿಮಾನವನ್ನೂ ಹೊಡೆದರೇ?

ಇಲ್ಲ. ಅದೇ ಬೆಳಗಿನ ಎರಡು ಬೇರೆ ಘಟನೆಗಳು ಇಲ್ಲಿ ಬೆರೆತುಹೋಗುತ್ತವೆ. ಆಲಂ ಅವರ ಕಾದಾಟ ನಡೆದದ್ದು ಅನಂತರ, ಹಲ್ವಾರಾದಿಂದ ಬಂದ ಹಂಟರ್ ವಿಮಾನಗಳ ಜೊತೆ. ಅವರು ಹಾರಿಸುತ್ತಿದ್ದದ್ದು ಸೇಬರ್. ಐದು ಎಂಬ ಅವರ ಲೆಕ್ಕವನ್ನು ಭಾರತದ ದಾಖಲೆಗಳು ಒಪ್ಪುವುದಿಲ್ಲ. ದೇವಯ್ಯನವರ ಮಿಸ್ಟೇರ್‌ಗೂ ಆ ವಿವಾದಕ್ಕೂ ಸಂಬಂಧವಿಲ್ಲ.

ಕಾರ್ಯಪ್ಪನವರ ಮಗ ಸೆರೆಸಿಕ್ಕದ್ದು ಇದೇ ದಾಳಿಯಲ್ಲೇ? ಇಬ್ಬರೂ ಕೊಡಗಿನವರಲ್ಲವೇ?

ಇಬ್ಬರೂ ಕೊಡಗಿನವರು, ಯುದ್ಧವೂ ಒಂದೇ, ಆದರೆ ದಾಳಿ ಬೇರೆ. ಜನರಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ 20ನೇ ಸ್ಕ್ವಾಡ್ರನ್ನಿನ ಹಂಟರ್ ಪೈಲಟ್. ಅವರ ವಿಮಾನ ನೆಲದಿಂದ ಬಂದ ಗುಂಡಿಗೆ ಸಿಕ್ಕಿದ್ದು ಸೆಪ್ಟೆಂಬರ್ 22ರಂದು, ಯುದ್ಧ ಇನ್ನೇನು ನಿಲ್ಲುತ್ತದೆ ಎನ್ನುವಾಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹುಡುಗನನ್ನು ಬಿಡುಗಡೆ ಮಾಡಲು ಅವರು ಮುಂದಾದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂಬರ್ಥದ ಉತ್ತರವನ್ನು ತಂದೆ ಕೊಟ್ಟರೆಂದು ವ್ಯಾಪಕವಾಗಿ ಹೇಳಲಾಗುತ್ತದೆ. ಮಗ 1966ರ ಜನವರಿಯಲ್ಲಿ ಉಳಿದವರೊಂದಿಗೆ ಮರಳಿದರು, ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

## 23 ವರ್ಷಗಳ ಅವಧಿ

ಜೊತೆಗಿದ್ದ ಪೈಲಟ್‌ಗಳಿಗೆ ಏನೂ ತಿಳಿಯಲಿಲ್ಲವೇ? ಅದು ಹೇಗೆ?

ಮಿಸ್ಟೇರ್‌ಗಳು ಮಬ್ಬು ಬೆಳಕಿನಲ್ಲಿ, ತಗ್ಗಿನಲ್ಲಿ, ನಿಮಿಷಕ್ಕೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಮರಳುತ್ತಿದ್ದವು. ದಾಳಿಯ ಗಡಿಬಿಡಿಯಲ್ಲಿ ತಂಡ ಚದುರುವುದು ಸಹಜ. ಕಾದಾಟ ನಡೆದದ್ದು ಅವರ ಬೆನ್ನ ಹಿಂದೆ. ತಮ್ಮಲ್ಲೊಬ್ಬರು ಇಲ್ಲವೆಂಬುದು ಆದಂಪುರಕ್ಕೆ ಬಂದು ವಿಮಾನಗಳನ್ನು ಎಣಿಸಿದಾಗ ಖಚಿತವಾಯಿತು. ವಿಮಾನವಿರೋಧಿ ಗುಂಡು ತಗುಲಿತೋ, ನೆಲಕ್ಕೆ ಬಡಿಯಿತೋ, ಶತ್ರುವಿಮಾನ ಹೊಡೆಯಿತೋ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ದೇವಯ್ಯನವರನ್ನು ಕಾಣೆಯಾದವರೆಂದು ದಾಖಲಿಸಲಾಯಿತು.

ಕಾಣೆಯಾದವರು ಎಂಬುದು ಮನೆಯವರಿಗೆ ಸಾವಿನ ಸುದ್ದಿಗಿಂತಲೂ ಕಠಿಣ. ಸೆರೆಯಲ್ಲಿರಬಹುದು ಎಂಬ ಆಸೆ ಸಾಯುವುದಿಲ್ಲ. ಯುದ್ಧಾನಂತರ ಸೆರೆಯಾಳುಗಳು ಮರಳಿದಾಗ ಅವರಲ್ಲಿ ದೇವಯ್ಯ ಇರಲಿಲ್ಲ. ಪತ್ನಿಗೆ ಗೊತ್ತಿದ್ದದ್ದು ಗಂಡ ದಾಳಿಗೆ ಹೋದವರು ತಿರುಗಿ ಬರಲಿಲ್ಲ ಎಂಬುದಷ್ಟೇ. ಅವರ ಕೊನೆಯ ನಿಮಿಷಗಳು ಹೇಗಿದ್ದವು ಎಂಬುದನ್ನು ತಿಳಿಯಲು ಆಕೆ ಎರಡು ದಶಕ ಕಾಯಬೇಕಾಯಿತು.

ಹಾಗಾದರೆ ವಿಷಯ ಹೊರಗೆ ಬಂದದ್ದು ಹೇಗೆ?

ಬ್ರಿಟಿಷ್ ವಾಯುಯಾನ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ನೆರವಿನಿಂದ 1965ರ ಆಕಾಶಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಪಾಕಿಸ್ತಾನದ ಪರವಾಗಿಯೇ ಇದ್ದ ಆ ಪುಸ್ತಕದಲ್ಲಿ, ಸೆಪ್ಟೆಂಬರ್ 7ರ ಮುಂಜಾನೆ ಮಿಸ್ಟೇರ್ ಒಂದು ಸ್ಟಾರ್‌ಫೈಟರ್‌ನೊಡನೆ ಚೆನ್ನಾಗಿ ಕಾದಾಡಿ ಅದನ್ನು ಬೀಳಿಸಿದ ವಿವರವಿತ್ತು. ಭಾರತದಲ್ಲಿ ಆ ಕಾದಾಟದ ದಾಖಲೆಯೇ ಇರಲಿಲ್ಲ. ಮರಳಿದ ಯಾವ ಪೈಲಟ್ಟೂ ಸ್ಟಾರ್‌ಫೈಟರ್‌ನೊಡನೆ ಹೋರಾಡಿದ್ದೇನೆಂದು ವರದಿ ಮಾಡಿರಲಿಲ್ಲ.

ವಾಯುಪಡೆ ಇದನ್ನು ಪರಿಶೀಲಿಸುವ ಕೆಲಸವನ್ನು ಏರ್ ಕಮೊಡೋರ್ ಪ್ರೀತಮ್ ಸಿಂಗ್ ಅವರಿಗೆ ವಹಿಸಿತು. ಆ ಮುಂಜಾನೆಯ ಮಿಸ್ಟೇರ್ ದಾಳಿಯಲ್ಲಿ ಮರಳದೆ ಉಳಿದ ವಿಮಾನ ಒಂದೇ. ಮರಳಿದವರು ಯಾರೂ ಹೋರಾಡಿಲ್ಲವೆಂದ ಮೇಲೆ, ಹೋರಾಡಿದವರು ಮರಳದಿದ್ದವರೇ ಆಗಿರಬೇಕು. ತರ್ಕ ಇಷ್ಟು ಸ್ಪಷ್ಟವಾಗಿತ್ತು, ಆದರೆ ಅದನ್ನು ಕೂಡಿಸಿ ನೋಡಲು ಎರಡೂ ಕಡೆಯ ಕಾಗದಗಳು ಒಂದೇ ಮೇಜಿನ ಮೇಲೆ ಬರಬೇಕಾಯಿತು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಗಿ, ಪತ್ನಿ ಅದನ್ನು ಸ್ವೀಕರಿಸಿದರು. ವಾಯುಪಡೆಯಲ್ಲಿ ಮರಣೋತ್ತರವಾಗಿ ಈ ಪದಕ ಪಡೆದವರು ದೇವಯ್ಯ ಒಬ್ಬರೇ.

ಅವರ ಅಂತ್ಯಕ್ರಿಯೆ ಎಲ್ಲಿ ಆಯಿತು?

ಪಾಕಿಸ್ತಾನದಲ್ಲಿಯೇ. ಆ ಕಡೆಯಿಂದ ಬಂದ ವಿವರಗಳ ಪ್ರಕಾರ, ಮಿಸ್ಟೇರ್ ಬಿದ್ದ ಪ್ರದೇಶದ ಹಳ್ಳಿಗರು ಅವರ ದೇಹವನ್ನು ಅಲ್ಲಿಯ ಹೊಲದ ನೆಲದಲ್ಲಿ ಹೂಳಿದರು. ಯುದ್ಧ ನಡೆಯುತ್ತಿದ್ದಾಗ, ತಮ್ಮ ಮೇಲೆ ದಾಳಿಗೆ ಬಂದ ಪರದೇಶದ ಪೈಲಟ್ಟಿಗೆ ಅವರು ಮಾಡಿದ ಈ ಕೆಲಸವನ್ನು ನಾವು ಗೌರವದಿಂದ ನೆನೆಯಬೇಕು.

ಅಮ್ಜದ್ ಹುಸೇನ್ ಮುಂದೆ ಏನಾದರು?

ಅವರಿಗೆ ಪಾಕಿಸ್ತಾನ ಸಿತಾರಾ–ಎ–ಜುರತ್ ಪದಕ ನೀಡಿತು. 1971ರ ಯುದ್ಧದಲ್ಲಿ ಅವರು ಮತ್ತೆ ಸ್ಟಾರ್‌ಫೈಟರ್ ಹಾರಿಸಿ ಬಂದರು. ಡಿಸೆಂಬರ್ 5ರಂದು ಅಮೃತಸರದ ಬಳಿ ನೆಲದಿಂದ ಬಂದ ಗುಂಡಿಗೆ ಅವರ ವಿಮಾನ ಬಿತ್ತು. ಅವರು ಆಗಲೂ ಬದುಕುಳಿದು ಭಾರತದ ಸೆರೆಯಾಳಾದರು.

## ಆಳಕ್ಕೆ ಹೋಗುವವರ ಪ್ರಶ್ನೆಗಳು

ಗುಂಡು ಹೊಡೆದು ಬೀಳಿಸಿದರೇ, ಡಿಕ್ಕಿ ಹೊಡೆದರೇ?

ಪ್ರಾಮಾಣಿಕವಾಗಿ ಹೇಳಬೇಕಾದರೆ, ಮೂರು ಬಗೆಯ ವಿವರಣೆಗಳಿವೆ. ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗುಲಿದವು ಎಂಬುದು ಒಂದು. ಭಾರತ ಒಪ್ಪಿ ಪದಕ ನೀಡಿದ್ದು ಈ ನೆಲೆಯಲ್ಲಿ. ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾದವು ಎಂಬುದು ಎರಡನೆಯದು. ಸಿಡಿದ ಮಿಸ್ಟೇರ್‌ನ ಚೂರುಗಳೊಳಗೆ ಸ್ಟಾರ್‌ಫೈಟರ್ ಹಾದುಹೋಯಿತು ಎಂಬುದು ಪಾಕಿಸ್ತಾನದ ಕಡೆ ಪ್ರಚಲಿತವಾದ ಮೂರನೆಯದು.

ಡಿಕ್ಕಿಯ ಮಾತು ಬಂದೊಡನೆ ಕೆಲವರಿಗೆ ದೇವಯ್ಯನವರ ಸಾಧನೆ ಕಡಿಮೆಯಾದಂತೆ ಅನ್ನಿಸುತ್ತದೆ. ಹಾಗೆ ಅನ್ನಿಸಬೇಕಾಗಿಲ್ಲ. ಎರಡು ವಿಮಾನಗಳು ಅಷ್ಟು ಹತ್ತಿರ ಬರಬೇಕಾದರೆ ಮಿಸ್ಟೇರ್ ಕಾದಾಟ ಬಿಟ್ಟುಹೋಗಿರಬಾರದು. ಚೂರುಗಳ ವಿವರಣೆಯಲ್ಲಿ ಮಾತ್ರ ಒಂದು ತೊಡಕಿದೆ: ಮೊದಲ ಏಟಿಗೇ ಮಿಸ್ಟೇರ್ ಸಿಡಿದಿದ್ದರೆ ಅನಂತರದ ಸುತ್ತಾಟಕ್ಕೆ ಜಾಗವೇ ಇರುವುದಿಲ್ಲ. ಏಟಿನ ನಂತರವೂ ಮಿಸ್ಟೇರ್ ಹಾರಿ ಹೋರಾಡಿತು ಎಂಬ ಫ್ರಿಕರ್ ಅವರ ವಿವರವೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಸರಗೋಧದ ದಾಳಿ ಯಶಸ್ವಿಯಾಯಿತೇ?

ನೆಲದ ಮೇಲೆ ಎಷ್ಟು ಹಾನಿಯಾಯಿತು ಎಂಬ ಬಗ್ಗೆ ಎರಡು ದೇಶಗಳ ಲೆಕ್ಕ ಹೊಂದುವುದಿಲ್ಲ. ಮಬ್ಬು ಬೆಳಕಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಗುರಿ ಗುರುತಿಸಿ ಹೊಡೆಯಬೇಕಾಗಿದ್ದರಿಂದ ಹಾನಿ ಸೀಮಿತವಾಗಿತ್ತು ಎಂಬುದೇ ನನ್ನ ಅಭಿಪ್ರಾಯ. ಆದರೆ ಅಂಚಿನವರೆಗೂ ಇಂಧನ ಬಳಸಿ, ರೇಡಾರಿನ ಕೆಳಗಿನಿಂದ ಹೋಗಿ, ಪಾಕಿಸ್ತಾನದ ಅತ್ಯಂತ ಭದ್ರವಾದ ನೆಲೆಯನ್ನು ಮುಟ್ಟಬಹುದೆಂದು ತನೇಜಾ ಅವರ ತಂಡ ತೋರಿಸಿತು. ತನೇಜಾ ಅವರಿಗೆ ವೀರ ಚಕ್ರ ಸಂದಿತು.

ಪರಮವೀರ ಚಕ್ರ ಯಾಕೆ ಕೊಡಲಿಲ್ಲ?

ಭಾರತೀಯ ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಒಬ್ಬರೇ. 1971ರ ಡಿಸೆಂಬರ್ 14ರಂದು ಶ್ರೀನಗರದ ನೆಲೆಯ ಮೇಲೆ ಆರು ಸೇಬರ್‌ಗಳು ದಾಳಿ ಮಾಡುತ್ತಿದ್ದಾಗಲೇ ಅವರು ತಮ್ಮ ನ್ಯಾಟ್ ವಿಮಾನವನ್ನು ಮೇಲೆಬ್ಬಿಸಿ ಹೋರಾಡಿದರು. ಆ ಕಾದಾಟ ನಮ್ಮದೇ ನೆಲೆಯ ಮೇಲೆ ನಡೆಯಿತು, ಅವರ ದನಿ ರೇಡಿಯೊದಲ್ಲಿ ಕೇಳಿಸುತ್ತಿತ್ತು. ದೇವಯ್ಯನವರಿಗೆ ಇದಾವುದೂ ಇರಲಿಲ್ಲ. ಶೌರ್ಯ ಪದಕಗಳ ಪದ್ಧತಿ ನಿಂತಿರುವುದು ಕಂಡವರ ಹೇಳಿಕೆ ಮತ್ತು ಮೇಲಧಿಕಾರಿಯ ಶಿಫಾರಸಿನ ಮೇಲೆ. ಶತ್ರುನೆಲದ ಮೇಲೆ ಒಬ್ಬಂಟಿಯಾಗಿ ಹೋರಾಡಿ ಮಡಿದವರಿಗೆ ಈ ಪದ್ಧತಿಯಲ್ಲಿ ನ್ಯಾಯ ಸಿಗುವುದು ಕಷ್ಟ. ಎರಡು ದಶಕ ಕಳೆದ ಮೇಲೂ ಹಳೆಯ ಕಡತವನ್ನು ತೆರೆದು ಮಹಾವೀರ ಚಕ್ರ ಕೊಟ್ಟದ್ದೇ ಅಪರೂಪದ ನಿರ್ಧಾರ. ಪದಕ ಇನ್ನೂ ದೊಡ್ಡದಾಗಬೇಕಿತ್ತು ಎನ್ನುವವರ ಭಾವನೆಯನ್ನು ಗೌರವಿಸುತ್ತೇನೆ. ಆದರೆ ಸೇಖೋನ್ ಅವರನ್ನೂ ದೇವಯ್ಯನವರನ್ನೂ ತೂಗಿ ನೋಡುವ ವಾದಕ್ಕೆ ನಾನು ಇಳಿಯುವುದಿಲ್ಲ.

ಎದುರಾಳಿಯ ಮಾತನ್ನೇ ನೆಚ್ಚಿ ಇತಿಹಾಸ ಬರೆಯಬಹುದೇ?

ಎಚ್ಚರಿಕೆಯಿಂದ ಬರೆಯಬಹುದು, ಈ ಪ್ರಕರಣದಲ್ಲಿ ಬರೆಯಲೇಬೇಕು. ಯುದ್ಧದಲ್ಲಿ ಎಲ್ಲ ಕಡೆಯವರೂ ತಾವು ಹೊಡೆದುರುಳಿಸಿದ ವಿಮಾನಗಳನ್ನು ಹೆಚ್ಚಾಗಿ, ಕಳೆದುಕೊಂಡ ವಿಮಾನಗಳನ್ನು ಕಡಿಮೆಯಾಗಿ ಹೇಳುತ್ತಾರೆ. ಆದ್ದರಿಂದ 'ನಾವು ಇಷ್ಟು ಬೀಳಿಸಿದೆವು' ಎಂಬ ಮಾತನ್ನು ಎದುರಾಳಿಯ ನಷ್ಟದ ಪಟ್ಟಿಯ ಜೊತೆ ಹೋಲಿಸದೆ ಒಪ್ಪಬಾರದು. ಆದರೆ ಒಬ್ಬರು ತಮ್ಮ ಸೋಲನ್ನೇ ಹೇಳಿಕೊಂಡಾಗ ಅದರ ತೂಕ ಬೇರೆ. ತನ್ನ ಅತ್ಯುತ್ತಮ ವಿಮಾನವನ್ನು ಹಳೆಯ ಮಿಸ್ಟೇರ್ ಒಂದು ಬೀಳಿಸಿತು ಎಂಬ ವಿವರ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕದಲ್ಲೇ ಬಂದದ್ದರಿಂದ ಯಾವ ಲಾಭವೂ ಅದಕ್ಕಿರಲಿಲ್ಲ. ಸ್ಟಾರ್‌ಫೈಟರ್ ಕಳೆದುಹೋದದ್ದು ಅವರ ಲೆಕ್ಕದಲ್ಲಿದೆ, ಮಿಸ್ಟೇರ್ ಕಳೆದುಹೋದದ್ದು ನಮ್ಮ ಲೆಕ್ಕದಲ್ಲಿದೆ, ದಿನ ಮತ್ತು ಹೊತ್ತು ಕೂಡುತ್ತವೆ. ಅಧಿಕೃತ ದಾಖಲೆಗಳನ್ನು ಎರಡೂ ದೇಶಗಳು ಪೂರ್ತಿಯಾಗಿ ತೆರೆದರೆ ಹೀಗೆ ಕೂಡಿಬರುವ ಇನ್ನಷ್ಟು ಜೀವಗಳ ಕಥೆ ಸಿಕ್ಕೀತು. 1965 ಮತ್ತು 1971ರಲ್ಲಿ ಕಾಣೆಯಾದವರ ಪಟ್ಟಿಯಲ್ಲಿ ಉಳಿದ ಹೆಸರುಗಳಿಗಾಗಿಯಾದರೂ ಆ ಕೆಲಸ ಆಗಬೇಕು.

ದೇವಯ್ಯನವರ ನೆನಪು ಎಲ್ಲೆಲ್ಲಿ ಉಳಿದಿದೆ?

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಅಲ್ಲಿ ಅವರ ಪ್ರತಿಮೆಯನ್ನೂ ನಿಲ್ಲಿಸಲಾಗಿದೆ. ಸ್ವಾತಂತ್ರ್ಯಾನಂತರ ಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕೆತ್ತಿರುವ ರಾಷ್ಟ್ರೀಯ ಯುದ್ಧ ಸ್ಮಾರಕ ದೆಹಲಿಯಲ್ಲಿ 2019ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಮಿಸ್ಟೇರ್‌ಗಳು 1970ರ ದಶಕದ ಆರಂಭದಲ್ಲಿ ಸೇವೆಯಿಂದ ನಿವೃತ್ತವಾದವು. ಟೈಗರ್ಸ್ ಸ್ಕ್ವಾಡ್ರನ್ ಮುಂದೆ ಮಿಗ್–21, ಆಮೇಲೆ ಮಿರಾಜ್–2000 ವಿಮಾನಗಳಿಗೆ ಬದಲಾಯಿತು, 1999ರ ಕಾರ್ಗಿಲ್ ಯುದ್ಧದಲ್ಲಿ ಆ ಮಿರಾಜ್‌ಗಳನ್ನೇ ಹಾರಿಸಿತು.